ನೂರಕ್ಕೆಷ್ಟು ಮೇಷ್ಟ್ರ ಎದುರು ಕುರ್ಚಿ

ಎದುರಿಗೆ ಕೂತವರನ್ನು ಅವರು ನೋಡುತ್ತಿರಲಿಲ್ಲ. ಕೂತವರು ಎದ್ದುಹೋದ ಮೇಲೆ ಕುರ್ಚಿಯನ್ನು ನೋಡುತ್ತಿದ್ದರು. ಮಾತು ನಡೆಯುವಷ್ಟು ಹೊತ್ತೂ ಅವರ ದೃಷ್ಟಿ ಮೇಜಿನ ಅಂಚಿನಲ್ಲೋ, ಕಿಟಕಿಯ ಚಿಲಕದಲ್ಲೋ, ತಮ್ಮದೇ ಕೋಟಿನ ಸವೆದ ತೋಳಿನಲ್ಲೋ ತಂಗಿರುತ್ತಿತ್ತು. ಬಂದವರು ಮಾತು ಮುಗಿಸಿ, ಕುರ್ಚಿ ಸರಿಸಿ, ಬಾಗಿಲೆಳೆದುಕೊಂಡು ಹೊರಗೆ ಹೋದ ಬಳಿಕವೇ ಆ ಕಣ್ಣುಗಳು ನಿಧಾನವಾಗಿ ಮೇಲೆದ್ದು, ಖಾಲಿ ಕುರ್ಚಿಯ ಬೆನ್ನಿಗಿಂತ ತುಸು ಮೇಲೆ, ಮನುಷ್ಯರ ಮುಖ ಇರಬೇಕಾದ ಎತ್ತರದಲ್ಲಿ ನೆಟ್ಟು ನಿಲ್ಲುತ್ತಿದ್ದವು. ಮೊದಲ ಸಲ ಕಂಡಾಗ ವಯಸ್ಸಾದವರ ಮರೆವು ಎಂದುಕೊಂಡೆ. ಮತ್ತೊಮ್ಮೆ ಅವರು ಆ ಶೂನ್ಯಕ್ಕೆ ತಲೆದೂಗುವುದನ್ನು ಕಂಡೆ. ಇನ್ನೊಂದು ದಿನ, ಎರವಲು ತಂದಿದ್ದ ಪತ್ರಿಕೆಯನ್ನು ಹಿಂತಿರುಗಿಸಲು ಹೋಗಿ ಅರೆತೆರೆದ ಬಾಗಿಲಲ್ಲಿ ನಿಂತಿದ್ದಾಗ, ಅವರು ಬಹಳ ವಿನಯದಿಂದ ಆ ಕುರ್ಚಿಯನ್ನು "ಆಮೇಲೆ?" ಎಂದು ಕೇಳಿ, ಉತ್ತರಕ್ಕಾಗಿ ಕಾಯುತ್ತ ಕೂತದ್ದನ್ನೂ ಕಂಡೆ. ಅಂದು ಪತ್ರಿಕೆ ಕೊಡದೆಯೇ ಮೆಟ್ಟಿಲು ಹತ್ತಿ ಮನೆ ಸೇರಿಕೊಂಡೆ.

ನಮ್ಮ ಕಟ್ಟಡದಲ್ಲಿ ನನ್ನದು ಮೇಲಿನ ಮಹಡಿ, ಅವರದು ಅದರ ಕೆಳಗಿನದು. ಸುತ್ತಲಿನ ನಾಲ್ಕು ಬೀದಿಗಳಲ್ಲೂ ಅವರು 'ನೂರಕ್ಕೆಷ್ಟು ಮೇಷ್ಟ್ರು' ಎಂದೇ ಪ್ರಸಿದ್ಧರು, ಆದರೆ ಆ ಮನುಷ್ಯ ಜನ್ಮದಲ್ಲಿ ಒಂದು ತರಗತಿಗೂ ಪಾಠ ಹೇಳಿದವರಲ್ಲ. ಜಾಣಮಕ್ಕಳೆಲ್ಲ ಸಾಲುಗಟ್ಟಿ ನಿಲ್ಲುವ, ಆ ಸಾಲಿನಲ್ಲಿ ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವ ಒಂದು ದೊಡ್ಡ ವಿಶ್ವವಿದ್ಯಾಲಯದ ಪ್ರವೇಶ ಸಮಿತಿಯಲ್ಲಿ ಅರ್ಜಿಗಳನ್ನು ಓದುವುದೇ ಅವರ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತರಾಗಿ ಇಲ್ಲಿ ಬಂದು ನೆಲೆಸಿದ ಮೇಲೆ ಈ ಸಂಗತಿ ಹೇಗೋ ಬಾಯಿಂದ ಬಾಯಿಗೆ ಹರಡಿ, ತಂದೆತಾಯಿಗಳು ಮಕ್ಕಳನ್ನು ಕರೆತರತೊಡಗಿದರು. ಎಲ್ಲರದೂ ಒಂದೇ ಪ್ರಶ್ನೆ: ನಮ್ಮ ಮಗುವಿಗೆ ಅಲ್ಲಿ ಸೀಟು ಸಿಗುವ ಸಂಭವ ನೂರಕ್ಕೆಷ್ಟು? ಅವರು ಒಂದು ಸಂಖ್ಯೆ ಹೇಳುತ್ತಿದ್ದರು, ಅಷ್ಟೇ. ಅರವತ್ತು ಎಂದವನಿಗೆ ಸೀಟು ಸಿಕ್ಕಿದರೂ ನಿಮ್ಮ ಮಾತು ನಿಜ, ಸಿಗದಿದ್ದರೂ ನಿಜ, ಇದೆಂಥ ಸುಖದ ಕಸುಬು ಎಂದು ನಾನು ಅವರ ಕಾಲೆಳೆದದ್ದುಂಟು. ಆದರೆ ಅವರು ಅರವತ್ತು ಎನ್ನುತ್ತಿದ್ದದ್ದೇ ಅಪರೂಪ. ಹೇಳಿದರೆ ಹತ್ತರೊಳಗೆ, ಇಲ್ಲವೇ ಎಂಬತ್ತರಾಚೆ; ಹತ್ತರೊಳಗಿನವರು ಒಳಗೆ ಹೋದದ್ದನ್ನೂ ಎಂಬತ್ತರಾಚೆಯವರು ಹೊರಗೆ ಉಳಿದದ್ದನ್ನೂ ನಾನು ಕಂಡಿಲ್ಲ, ಕೇಳಿಲ್ಲ.

ಬೂದುಬಣ್ಣದ ಉಣ್ಣೆಯ ಕೋಟೊಂದು ಅವರ ಮೈಮೇಲೆ ಸದಾ ಇರುತ್ತಿತ್ತು. ಅರ್ಜಿ ಓದುವವರು ತೂಕಡಿಸಬಾರದೆಂದು ವಿಶ್ವವಿದ್ಯಾಲಯದವರು ಆ ಕೋಣೆಯನ್ನು ವರ್ಷವಿಡೀ ತಣ್ಣಗಿಡುತ್ತಿದ್ದರಂತೆ. ಆ ಚಳಿ ಒಮ್ಮೆ ಮೈಗೆ ಹತ್ತಿದ್ದು ಮತ್ತೆ ಇಳಿಯಲಿಲ್ಲವೆಂದು ಅವರು ಹೇಳುತ್ತಿದ್ದರು. ಬೀದಿಯ ಡಾಂಬರು ಕರಗುವ ಬೇಸಗೆಯಲ್ಲೂ ಕೋಟಿನ ಗುಂಡಿಗಳು ಕತ್ತಿನವರೆಗೆ ಬಿಗಿದಿರುತ್ತಿದ್ದವು. ಮೊಣಕೈಗಳಲ್ಲಿ ಬಟ್ಟೆ ಸವೆದು ಜಾಲರಿಯಾಗಿ, ಒಳಗಿನ ಅಂಗಿಯ ಬಿಳುಪು ಇಣುಕುತ್ತಿತ್ತು. ನಡಿಗೆಯಂತೂ ಆಸ್ಪತ್ರೆಯ ಮೊಗಸಾಲೆಯಲ್ಲಿ ನಡೆದಂತೆ, ಬೆರಳುಗಳನ್ನು ಮೊದಲು ಊರಿ ಹಿಮ್ಮಡಿಯನ್ನು ಆಮೇಲೆ ಇಳಿಸುವ ನಿಶ್ಶಬ್ದ ನಡಿಗೆ. ಬಾಗಿಲು ಬಂದಾಗ ಅವರು ಒಂದು ಕ್ಷಣ ಪಕ್ಕಕ್ಕೆ ಸರಿದು ನಿಂತು, ಯಾರನ್ನೋ ಮುಂದೆ ಬಿಟ್ಟು, ಆಮೇಲೆ ತಾವು ದಾಟುತ್ತಿದ್ದರು. ಮೆಟ್ಟಿಲಿನಲ್ಲಿ ಗೋಡೆಗೆ ಒತ್ತಿಕೊಂಡೇ ಹತ್ತುವರು, ಕಟಕಟೆಯ ಕಡೆಯ ಜಾಗವನ್ನು ಖಾಲಿ ಬಿಡುವರು. ಎದುರಿನಿಂದ ಇಳಿದು ಬರುವ ನಾನು ಆ ಖಾಲಿ ಜಾಗದಲ್ಲಿ ಕಾಲಿಡಲು ಯಾಕೋ ಹಿಂಜರಿದು, ಅವರು ದಾಟುವವರೆಗೆ ಮೇಲೆಯೇ ನಿಲ್ಲುತ್ತಿದ್ದೆ.

ಅವರ ವಿದ್ಯೆಯ ಮೂಲವನ್ನು ಅವರೇ ಒಂದು ಸಂಜೆ ವಿವರಿಸಿದ್ದರು. ಸಮಿತಿಯ ಅಧ್ಯಕ್ಷರಾಗಿದ್ದ ಒಬ್ಬ ವೃದ್ಧರು ಹಾಕಿಕೊಟ್ಟ ಪದ್ಧತಿಯಂತೆ ಅದು. ಒಬ್ಬ ವಿದ್ಯಾರ್ಥಿಯ ಕಡತವನ್ನು ಎಲ್ಲರೂ ಓದಿ ಮುಗಿಸಿದ ಬಳಿಕ ಅದನ್ನು ಮುಚ್ಚಿ ಬೋರಲು ಹಾಕುವುದು; ಪ್ರತಿಯೊಬ್ಬರೂ ಒಂದು ಗುಟುಕು ನೀರು ಕುಡಿಯುವುದು; ಆಮೇಲೆ ಅಧ್ಯಕ್ಷರು "ಏನು ಉಳೀತು?" ಎಂದು ಕೇಳುವುದು. ಅಂಕಗಳನ್ನು ಹೇಳುವಂತಿಲ್ಲ, ಪದಕಗಳನ್ನು ಹೇಳುವಂತಿಲ್ಲ. ನೀರು ಗಂಟಲಲ್ಲಿ ಇಳಿದ ಮೇಲೂ ಮನಸ್ಸಿನಲ್ಲಿ ನಿಂತದ್ದು ಏನಾದರೂ ಇದ್ದರೆ ಹೇಳಬೇಕು. ಯಾರೊಬ್ಬರೂ ಬಾಯಿ ಬಿಡದಿದ್ದರೆ ಕಡತ ಎಡಗಡೆಯ ಬಂಡಿಗೆ ಹೋಗುತ್ತಿತ್ತು, ಆ ಬಂಡಿಯಿಂದ ಯಾವ ಕಡತವೂ ಹಿಂದೆ ಬಂದದ್ದಿಲ್ಲ. "ಎಲ್ಲರೂ ಜಾಣರೇ ಅಲ್ವಾ ಅಲ್ಲಿಗೆ ಬರೋರು. ಜಾಣತನ ನೋಡಿ ಆರಿಸೋಕಾಗಲ್ಲ. ಮುಚ್ಚಿದ ಮೇಲೆ ಯಾರು ಉಳೀತಾರೋ ಅವರಿಗೇ ಸೀಟು" ಎಂದರು.

ಮನೆಯಲ್ಲೂ ಅದೇ ಪದ್ಧತಿ ಮುಂದುವರಿಯಿತು, ಕಡತದ ಬದಲು ಕುರ್ಚಿ ಬಂತು ಅಷ್ಟೇ. ಮುಂಗೋಣೆಯಲ್ಲಿ ಒಂದು ಮೇಜು, ಗೋಡೆಗೆ ಬೆನ್ನು ಹಾಕಿದ ಅವರ ಕುರ್ಚಿ, ಎದುರಿಗೆ ಮರದ ಕೈಗಳಿದ್ದ ಇನ್ನೊಂದು ಕುರ್ಚಿ. ಅಂಕಪಟ್ಟಿ, ಪ್ರಶಸ್ತಿಪತ್ರಗಳನ್ನೆಲ್ಲ ತಂದೆತಾಯಿಗಳ ಜೊತೆ ಹೊರಗಿನ ಮೊಗಸಾಲೆಯಲ್ಲೇ ಬಿಡಬೇಕು. ಹುಡುಗನೋ ಹುಡುಗಿಯೋ ಒಬ್ಬರೇ ಒಳಗೆ ಬಂದು ಕೂರಬೇಕು. ಗಾಳಿ ಆಡಬಾರದೆಂದು ಫ್ಯಾನು ನಿಲ್ಲಿಸಿ ಕಿಟಕಿ ಮುಚ್ಚುವರು. ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ, "ಆಮೇಲೆ?" ಏನು ಹೇಳಿದರೂ ಆಮೇಲೆ, ಎಲ್ಲಿ ನಿಲ್ಲಿಸಿದರೂ ಆಮೇಲೆ, ಕಲಿತು ಬಂದ ಉತ್ತರಗಳೆಲ್ಲ ಮುಗಿದು ಮಗು ಬರಿಗೈಯಾಗುವ ತನಕ ಆಮೇಲೆ. ಆಗ ಹೊರಗೆ ಕಳುಹಿಸಿ, ಒಂದು ಗುಟುಕು ನೀರು ಕುಡಿದು, ಕುರ್ಚಿಯನ್ನು ನೋಡುತ್ತ ಕೂರುವರು. ಸಂಖ್ಯೆ ಹೇಳಿ ಮುಗಿಸಿದ ಮೇಲೆ ಕಿಟಕಿ ತೆರೆದು, "ಗಾಳಿ ಆಡ್ಲಿ, ಮುಂದಿನವರಿಗೆ ಜಾಗ ಬೇಕಲ್ಲ" ಎನ್ನುವರು. ಆ ಮಾತಿಗೆ ಎಲ್ಲರೂ ನಗುತ್ತಿದ್ದರು. ಅವರು ನಕ್ಕದ್ದನ್ನು ಮಾತ್ರ ನಾನು ನೋಡಲಿಲ್ಲ.

ಜನ ಸುಮ್ಮನಿರುತ್ತಾರೆಯೇ? ಮೇಷ್ಟ್ರಿಗೆ ಏನಾದರೂ 'ಉಳಿಯಬೇಕು' ಎಂಬ ಗುಟ್ಟು ಹೊರಬಿದ್ದದ್ದೇ ತಡ, ಅದಕ್ಕೂ ತರಬೇತಿ ಕೊಡುವವರು ಹುಟ್ಟಿಕೊಂಡರು. ಒಬ್ಬ ಹುಡುಗ ಹೇಳಿಸಿಕೊಂಡು ಬಂದವನು, ಎದ್ದು ಹೋಗುವಾಗ ತನ್ನ ಕರ್ಚೀಫನ್ನು ಬೇಕೆಂದೇ ಕುರ್ಚಿಯ ಮೇಲೆ ಬಿಟ್ಟುಹೋದ. ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ತಂದು ಅವನ ತಂದೆಯ ಕೈಗಿಟ್ಟು, "ಕರ್ಚೀಫು ಉಳೀತು, ಹುಡುಗ ಹೋದ. ನಾಲ್ಕು" ಎಂದರು. ಊರಿಗೆಲ್ಲ ದೊಡ್ಡವನಾದ ಒಬ್ಬ ವೈದ್ಯನ ಮಗನಿಗೆ ಐದು ಹೇಳಿದಾಗ ಆ ವೈದ್ಯ ಮೆಟ್ಟಿಲಿನಲ್ಲೇ ನಿಂತು ಬಾಯಿಗೆ ಬಂದಂತೆ ಬೈದ. ಇವರು ಕೋಟಿನ ಗುಂಡಿ ಸರಿಮಾಡಿಕೊಳ್ಳುತ್ತ ಎಲ್ಲವನ್ನೂ ಕೇಳಿ, ಕೊನೆಗೆ "ನಿಮ್ಮದು ಉಳಿಯುತ್ತೆ" ಎಂದು ಒಳಗೆ ಹೋದರು. ಗಡಿಯಾರ ರಿಪೇರಿಯವನ ಮಗಳು, ಮಾತೇ ಹೊರಡದೆ ಅತ್ತುಕೊಂಡು ಎದ್ದುಬಂದವಳು, ಎಂಬತ್ತೆರಡು ಗಿಟ್ಟಿಸಿದಳು. ಅವಳಲ್ಲಿ ಏನು ಉಳಿಯಿತೆಂದು ಕೇಳಿದೆ. ಏಳುವ ಮುಂಚೆ ಅವಳು ಕಿವಿಯನ್ನು ಮೇಜಿಗೆ ತಾಗಿಸಿ, ಒಳಗೆ ಗೆದ್ದಲಿದೆ ಎಂದು ಹೇಳಿದಳಂತೆ. ಮೇಜಿನಲ್ಲಿ ಗೆದ್ದಲಿತ್ತು.

ಈ ತನಕ ಕೇಳಿದರೆ ಸ್ವಾರಸ್ಯದ ಮನುಷ್ಯ ಎಂದೇ ತೋರುತ್ತದೆ. ಆದರೆ ಉಳಿದವರೆಲ್ಲ ಎಲ್ಲಿ ಉಳಿಯುತ್ತಾರೆ ಎಂದು ನಾನು ಯೋಚಿಸಿರಲಿಲ್ಲ. ಅವರ ಜೊತೆ ಚಹಾ ಕುಡಿಯುತ್ತಿದ್ದ ಒಂದು ಮಧ್ಯಾಹ್ನ, "ಇವತ್ತು ಆ ಕಪ್ಪೆ ಸಾಕಿದ ಹುಡುಗ ಬೆಳಿಗ್ಗೆಯಿಂದ ಇಲ್ಲೇ ಇದಾನೆ" ಎಂದರು. ಯಾವ ಹುಡುಗ, ನಾನು ಯಾರನ್ನೂ ಕಾಣಲಿಲ್ಲವಲ್ಲ ಎಂದೆ. ಕೇಳಿದರೆ, ಅವನು ಅರ್ಜಿ ಹಾಕಿದ್ದು ನಾನಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಂತೆ. ಅವರು ಓದಿದ ಮೊದಮೊದಲ ಕಡತಗಳಲ್ಲಿ ಒಂದು. "ಸೀಟು ತಗೊಂಡು ಹೋದೋರು ಹೋಗ್ತಾರೆ. ಓದಿ, ಕೆಲಸ ಹಿಡಿದು, ತಲೆ ನರೆತು, ಕೆಲವರು ಸತ್ತೂ ಹೋಗಿರ್ತಾರೆ. ನನ್ನ ಹತ್ರ ಇರೋರಿಗೆ ಮಾತ್ರ ವಯಸ್ಸಾಗಲ್ಲ ನೋಡಿ" ಎಂದು, ಬಟ್ಟಲಿನಲ್ಲಿ ತಣಿದಿದ್ದ ಚಹಾವನ್ನು ಎತ್ತಿ ಕುಡಿದರು. ಆಮೇಲೆ, ಬಹಳ ಹಿಂದೆಯೇ ತೀರಿಕೊಂಡಿದ್ದ ಹೆಂಡತಿಯ ವಿಷಯ ತೆಗೆದು, ಅವಳ ಮುಖ ಈಗ ಎಷ್ಟು ಪ್ರಯತ್ನಪಟ್ಟರೂ ನೆನಪಿಗೆ ಬರುವುದಿಲ್ಲವೆಂದರು. ಯಾಕಿರಬಹುದು ಎಂದೆ. "ಅವಳು ಅರ್ಜಿ ಹಾಕಿರಲಿಲ್ವಲ್ಲ" ಎಂದರು. ತಮಾಷೆಗೆ ಹೇಳಿದರೆಂದು ನಗಲು ಹೊರಟು, ಅವರ ಮುಖ ನೋಡಿ ನಿಲ್ಲಿಸಿದೆ.

ನಾನು ಪತ್ರಿಕೆಗಳಿಗೆ ನಾಲ್ಕಕ್ಷರ ಬರೆದು ಬದುಕುವವಳು, ನನಗೂ ಅಹಂಕಾರ ಇದೆ. ಅವರ ಎದುರು ಕುರ್ಚಿಯಲ್ಲಿ ಎಷ್ಟೋ ಸಲ ಕೂತು ಹರಟಿ ಎದ್ದುಬಂದಿದ್ದೇನೆ. ಒಮ್ಮೆಯೂ ಬಾಗಿಲಲ್ಲಿ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನನ್ನದೇನಾದರೂ ಉಳಿಯುತ್ತಿತ್ತೋ ಇಲ್ಲವೋ, ಎರಡರಲ್ಲಿ ಯಾವುದನ್ನು ಕೇಳಿದರೂ ಅಂದಿನ ನಿದ್ದೆ ಕೆಡುತ್ತಿತ್ತು.

ಇನ್ನು ಹೇಳಬೇಕಾದ್ದು ನನ್ನ ತಂಗಿಯ ಮಕ್ಕಳ ವಿಷಯ. ಇಬ್ಬರೂ ಹೆಣ್ಣುಮಕ್ಕಳು, ಎರಡು ವರ್ಷದ ಅಂತರ. ದೊಡ್ಡವಳಿಗೆ ಮನೆಗಳ ಹುಚ್ಚು. ಒಂದು ಮನೆಗೆ ಒಮ್ಮೆ ಹೋಗಿಬಂದರೆ ಸಾಕು, ಕಣ್ಣುಮುಚ್ಚಿ ಕೂತು ಅದರ ನಕ್ಷೆ ಬರೆಯುತ್ತಿದ್ದಳು. ಕಿಟಕಿ ಎತ್ತ, ನೀರಿನ ಹೂಜಿ ಎತ್ತ, ಯಾವ ಬಾಗಿಲು ಕಿರುಗುಟ್ಟುತ್ತದೆ, ಎಲ್ಲವೂ ಅದರಲ್ಲಿರುತ್ತಿತ್ತು. ಎಡಗೈಯಿಂದ ಬಲಮೊಣಕೈಯನ್ನು ಹಿಡಿದುಕೊಂಡು ನಿಲ್ಲುವುದು, ಉತ್ತರ ಕೊಡುವ ಮುನ್ನ ಕ್ಷಣಕಾಲ ಕಣ್ಣು ಮುಚ್ಚುವುದು ಅವಳ ಅಭ್ಯಾಸ. ಕಟ್ಟಡ ಕಟ್ಟುವ ವಿದ್ಯೆಯನ್ನು ಆ ವಿಶ್ವವಿದ್ಯಾಲಯದಲ್ಲೇ ಓದಬೇಕೆಂದು ಹಟ ಹಿಡಿದಿದ್ದಳು. ನಾನೇ ಮೇಷ್ಟ್ರ ಹತ್ತಿರ ಕರೆದೊಯ್ದೆ. ಅವರು ಎಂಬತ್ತೈದು ಎಂದರು. ಏನು ಉಳೀತು ಎಂದು ನಾನು ಕೇಳಿದಾಗ ಅವಳಾಡಿದ ಮಾತನ್ನೇ ಹೇಳಿದರು: "ನಾನು ಕೂತ ಕೋಣೆ ಬಿಟ್ಟು ಹೋಗಲ್ಲ ಸಾರ್, ಅದು ನನ್ನ ಜೊತೆ ಬರುತ್ತೆ." ಮೆಟ್ಟಿಲಿಳಿಯುತ್ತ ಅವಳು, "ದೊಡ್ಡಮ್ಮ, ಇನ್ನು ಹದಿನೈದು ಯಾರ ಹತ್ರ ಇದೆ?" ಎಂದು ನಕ್ಕಳು.

ಅದು ಜ್ವರದ ಹತ್ತಿರ ಇತ್ತು. ಮೊದಲು ಸಾಮಾನ್ಯವೆಂದುಕೊಂಡ ಜ್ವರ, ಅವಳಪ್ಪ ಔಷಧದ ಅಂಗಡಿ ಇಟ್ಟವನಾಗಿದ್ದರೂ ಏನೂ ನಡೆಯದೆ, ಕೆಲವೇ ದಿನಗಳಲ್ಲಿ ಅವಳನ್ನು ಮುಗಿಸಿಬಿಟ್ಟಿತು. ಆಯ್ಕೆಯಾಗಿದ್ದಾಳೆಂಬ ಸುದ್ದಿ ಬರುವಷ್ಟರಲ್ಲಿ ಅದನ್ನು ಕೇಳಲು ಅವಳಿರಲಿಲ್ಲ. ನಮ್ಮ ಹೊಟ್ಟೆಗೆ ಬೆಂಕಿ ಬಿದ್ದದ್ದು ಸತ್ತ ದಿನವಲ್ಲ, ಆ ಸುದ್ದಿ ಬಂದ ದಿನ.

ಚಿಕ್ಕವಳನ್ನು ನಾವೆಲ್ಲ ಗಿಣಿ ಎನ್ನುತ್ತಿದ್ದೆವು. ಕೂಸಾಗಿದ್ದಾಗಿನಿಂದ ಕಂಡವರ ಮಾತು, ನಡಿಗೆ, ಕೆಮ್ಮು, ಸೀನು ಎಲ್ಲವನ್ನೂ ಹಾಗೆಯೇ ಎತ್ತಿ ತೋರಿಸುವ ಹುಡುಗಿ. ಅವಳು ನನ್ನ ಹಾಗೆ ಕನ್ನಡಕ ಏರಿಸಿ ಮೂಗು ಮುರಿದರೆ ನನಗೇ ನಾಚಿಕೆಯಾಗುತ್ತಿತ್ತು. ಅಕ್ಕ ಹೋದ ಮೇಲೆ ಆ ಮನೆಯಲ್ಲಿ ನಗೆ ನಿಂತಿತು. ನನ್ನ ತಂಗಿ ಊಟ ಬಿಟ್ಟಳು, ಮಾತು ಬಿಟ್ಟಳು, ಕರೆದರೆ ತಿರುಗುವುದನ್ನೂ ಬಿಟ್ಟಳು. ಹೀಗಿರುವಾಗ ಒಂದು ದಿನ ಊಟದ ಮೇಜಿನಲ್ಲಿ "ಅಮ್ಮ, ಉಪ್ಪು ಕೊಡು" ಎಂದು ದೊಡ್ಡವಳ ದನಿ ಕೇಳಿಸಿತು. ತಂಗಿ ಉಪ್ಪನ್ನು ಸರಿಸಿದಳು. ತಾನೂ ಎರಡು ತುತ್ತು ತಿಂದಳು. ದನಿ ಗಿಣಿಯದು. ಅವಳು ಕರುಣೆಯಿಂದಲೇ ಮಾಡಿದ ಕೆಲಸ ಅದು, ಅದರಲ್ಲಿ ನನಗೆ ಸಂಶಯವಿಲ್ಲ. ಮರುದಿನ ಅಪ್ಪನೇ ಅವಳನ್ನು ಪಕ್ಕಕ್ಕೆ ಕರೆದು, "ಒಂದ್ಸಲ ಅಕ್ಕನ ಥರ ಮಾತಾಡಮ್ಮ, ನಿಮ್ಮಮ್ಮ ಊಟ ಮಾಡ್ಲಿ" ಎಂದ. ಮೊದಲು ದನಿ, ಆಮೇಲೆ ಮೊಣಕೈ ಹಿಡಿಯುವುದು, ಆಮೇಲೆ ಕಣ್ಣು ಮುಚ್ಚುವುದು, ಅಕ್ಕನ ಬಟ್ಟೆ, ಅಕ್ಕನ ಕೈಬರಹ, ಕೊನೆಗೆ ಕಣ್ಣು ಮುಚ್ಚಿ ಬರೆಯುವ ನಕ್ಷೆಗಳು. ತಂಗಿ ಮೈ ತುಂಬಿಕೊಂಡಳು. ಗಿಣಿ ಎಂದು ಕರೆಯುವವರು ಆ ಮನೆಯಲ್ಲಿ ಇಲ್ಲವಾದರು.

ಅವಳಿಗೂ ಅಕ್ಕನ ವಯಸ್ಸಾಯಿತು. ಅದೇ ವಿಶ್ವವಿದ್ಯಾಲಯ, ಅದೇ ವಿಷಯ, ಅರ್ಜಿಯ ಪ್ರಶ್ನೆಗಳಿಗೆ ಅಕ್ಕ ಕೊಟ್ಟಿದ್ದ ಅದೇ ಉತ್ತರಗಳು. ನನಗೆ ಸರಿಬೀಳದೆ ತಂಗಿಯ ಗಂಡನಿಗೆ ನಾಲ್ಕು ಮಾತು ಹೇಳಿದೆ. ಅವನು ಔಷಧದವನ ಭಾಷೆಯಲ್ಲೇ ಉತ್ತರ ಕೊಟ್ಟ: "ಒಂದ್ಸಲ ಕೆಲಸ ಮಾಡಿದ ಮಾತ್ರೆ ಇನ್ನೊಂದ್ಸಲಾನೂ ಮಾಡುತ್ತೆ ಅಕ್ಕ. ಬದಲಾಯಿಸೋದ್ಯಾಕೆ?"

ಮೇಷ್ಟ್ರ ಹತ್ತಿರ ಬಂದದ್ದು ಬಿಸಿಲು ಚೆನ್ನಾಗಿದ್ದ ಒಂದು ಅಪರಾಹ್ನ. ತಂದೆತಾಯಿ ಮೊಗಸಾಲೆಯ ಬೆಂಚಿನ ಮೇಲೆ ಕೂತರು. ನೆರೆಯವಳೆಂಬ ಸಲುಗೆಯಿಂದ ನಾನು ಒಳಗೆ, ಪುಸ್ತಕದ ಕಪಾಟಿನ ಪಕ್ಕದ ಮೂಲೆಯಲ್ಲಿ. ಫ್ಯಾನು ನಿಂತಿತು, ಕಿಟಕಿ ಮುಚ್ಚಿತು. ಹುಡುಗಿ ಬಾಗಿಲಲ್ಲಿ ನಿಂತು, ಎಡಗೈಯಿಂದ ಬಲಮೊಣಕೈ ಹಿಡಿದುಕೊಂಡು, ಕೋಣೆಯನ್ನು ಒಮ್ಮೆ ಸುತ್ತ ನೋಡಿ ಕೂತಳು. ಅವಳು ಮಾತಾಡತೊಡಗಿದಳು. ಕೋಟಿನ ತೋಳನ್ನು ನೋಡುತ್ತಿದ್ದ ಮೇಷ್ಟ್ರು "ಆಮೇಲೆ?" ಎಂದರು, ಅವಳು ಮುಂದುವರಿಸಿದಳು, ಮತ್ತೆ "ಆಮೇಲೆ?" ಎಂದವರು ಮಾತಿನ ನಡುವೆಯೇ ತಲೆಯೆತ್ತಿ ಅವಳ ಮುಖವನ್ನು ನೇರವಾಗಿ ನೋಡಿದರು. ಕೂತವರನ್ನು ಅವರು ನೋಡಿದ್ದನ್ನು ಅಂದು ಮೊದಲ ಬಾರಿಗೆ ಕಂಡೆ. ನೋಡಿ, ಕಣ್ಣು ತಗ್ಗಿಸಿ, ಹೋಗಬಹುದೆಂದು ಕೈಸನ್ನೆ ಮಾಡಿದರು.

ಅವಳು ಬಾಗಿಲೆಳೆದುಕೊಂಡು ಹೋದಳು. ಮೇಷ್ಟ್ರು ನೀರು ಕುಡಿದರು. ನಾನು ಕುರ್ಚಿಯ ಕಡೆ ನೋಡಬಾರದೆಂದು ಕಪಾಟಿನ ಗಾಜಿಗೆ ಕಣ್ಣು ನೆಟ್ಟುಕೊಂಡಿದ್ದೆ. ಗಾಜಿನಲ್ಲೂ ಕುರ್ಚಿ ಕಾಣುತ್ತಿತ್ತು. ಅದು ಖಾಲಿಯಿತ್ತು. ಆದರೆ ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಸದ್ದಿಲ್ಲದಿದ್ದರೂ ನಮಗೆ ತಿಳಿಯುತ್ತದಲ್ಲ, ಹಾಗೆ ತಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವರು ತಂದೆತಾಯಿಯನ್ನು ಒಳಗೆ ಕರೆದು "ಎಂಬತ್ತೈದು" ಎಂದರು.

ತಂಗಿಯ ಗಂಡ ಉಸಿರು ಬಿಟ್ಟು ನನ್ನ ಕಡೆ ನೋಡಿದ, ಕಂಡಿರಾ ಎಂಬಂತೆ. ಮೇಷ್ಟ್ರು ಮಾತು ಮುಗಿಸಿರಲಿಲ್ಲ.

"ಇದು ಹಿಂದೇನೇ ಕೊಟ್ಟ ಎಂಬತ್ತೈದು. ಇವತ್ತು ತೋರಿಸ್ಬೇಕು ಅಂತ ಕರ್ಕೊಂಡು ಬಂದ ಹುಡುಗಿ ಎಲ್ಲಿ? ಅವಳನ್ನ ಕಳಿಸಿ."

"ಈಗ ತಾನೆ ಹೊರಗೆ ಬಂದ್ಲಲ್ಲ, ಅವಳೇ" ಎಂದಳು ತಂಗಿ.

"ಹೊರಗೆ ಯಾರೂ ಬಂದಿಲ್ಲಮ್ಮ. ಕೂತೋಳು ಇನ್ನೂ ಇಲ್ಲೇ ಕೂತಿದಾಳೆ."

ತಂಗಿ ಚೀರಬಹುದು, ಬೈಯಬಹುದು, ಕುಸಿಯಬಹುದು ಎಂದು ನಾನು ಎದ್ದು ನಿಂತೆ. ಅವಳು ಅದ್ಯಾವುದನ್ನೂ ಮಾಡಲಿಲ್ಲ. ಎರಡು ವರ್ಷದಿಂದ ನಾನು ಕಾಣದ ಬೆಳಕೊಂದು ಅವಳ ಮುಖದ ಮೇಲೆ ಬಂತು. ಕುರ್ಚಿಯ ಹತ್ತಿರ ಹೋಗಿ, ನೆಲಕ್ಕೆ ಮಂಡಿಯೂರಿ, ಅದರ ಮರದ ಕೈಯ ಮೇಲೆ ತನ್ನ ಕೈಯಿಟ್ಟು, ಬಹಳ ಮೆಲ್ಲಗೆ, "ಹೌದಾ? ಇದಾಳಾ?" ಎಂದು ಕೇಳಿದಳು. ದೆವ್ವಭೂತಗಳ ಕಥೆಗೆಲ್ಲ ನಾನು ಹೆದರುವವಳಲ್ಲ. ಹೆತ್ತವಳ ಆ ಸಂತೋಷ ಕಂಡು ಹೆದರಿದೆ. ಯಾಕೆಂದರೆ ಬಾಗಿಲು ತೆರೆದೇ ಇತ್ತು, ಮೊಗಸಾಲೆಯಲ್ಲಿ ಇನ್ನೊಬ್ಬ ಮಗಳು ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಒಳಗೆ ಬಂದಳು. ಮೊಣಕೈ ಹಿಡಿದಿರಲಿಲ್ಲ, ಎರಡೂ ಕೈ ಜೋತುಬಿದ್ದಿದ್ದವು. "ಹಾಗಾದ್ರೆ ನಂಗೆಷ್ಟು?" ಎಂದು ಮೇಷ್ಟ್ರನ್ನು ಕೇಳಿದಳು.

ಎದುರು ಕುರ್ಚಿಯ ಬಳಿ ತಾಯಿ ಮಂಡಿಯೂರಿದ್ದಳು. ಮೇಷ್ಟ್ರು ತಾವೇ ಎದ್ದು, ತಮ್ಮ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ಗೋಡೆಗೆ ಒತ್ತಿ ನಿಂತರು. "ನಿನ್ನನ್ನ ನಾನು ನೋಡೇ ಇಲ್ಲಮ್ಮ. ಕೂತ್ಕೋ. ಏನಾದ್ರೂ ಹೇಳು. ಯಾರ ಥರಾನೂ ಬೇಡ" ಎಂದರು. ಆ ಒಣಮನುಷ್ಯನ ಗಂಟಲಲ್ಲಿ ಮರುಕವನ್ನು ನಾನು ಕೇಳಿದ್ದು ಆಗ ಮಾತ್ರ.

ಅವಳು ಕೂತಳು. ಬಾಯಿ ತೆರೆದಳು. ಮೊದಲು ಹೊರಟದ್ದು ಅಕ್ಕನ ದನಿ. ತಲೆಯಾಡಿಸಿ ಅದನ್ನು ನಿಲ್ಲಿಸಿದಳು. ಇನ್ನೊಮ್ಮೆ ಪ್ರಯತ್ನಿಸಿದಳು, ಅಮ್ಮನ ದನಿ ಬಂತು. ಅಪ್ಪನದು ಬಂತು, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಮಾತಾಡುವಂತೆ. ನನ್ನದು ಬಂತು, ಕನ್ನಡಕವಿಲ್ಲದ ಮೂಗಿನ ಮೇಲೆ ಬೆರಳು ಏರಿತು. ಯಾವ ಶಿಕ್ಷಕಿಯದೋ, ಯಾವ ಗೆಳತಿಯದೋ, ನಮಗೆ ಗುರುತಿಲ್ಲದ ಒಂದೆರಡು ದನಿಗಳು ಅರ್ಧರ್ಧ ಮಾತಾಗಿ ಬಂದು ಹೋದವು. ಈಗ ಅವಳ ಹಣೆಯಲ್ಲಿ ಬೆವರಿತ್ತು. ಮನೆಯಲ್ಲಿ ಏನೋ ಕಳೆದುಹೋದಾಗ ಒಂದೊಂದೇ ಕೋಣೆಗೆ ಹೊಕ್ಕು ಹುಡುಕುವವರ ಹಾಗೆ ಅವಳು ಹುಡುಕುತ್ತಿದ್ದಳು. ಕೊನೆಗೆ ಅತ್ಯಂತ ವಿನಯದಿಂದ, ತಗ್ಗಿದ ದನಿಯಲ್ಲಿ, ಮೇಷ್ಟ್ರದೇ "ಆಮೇಲೆ?" ಅವಳ ಬಾಯಿಂದ ಹೊರಬಿತ್ತು. ಅದಾದ ಮೇಲೆ ಏನೂ ಬರಲಿಲ್ಲ. ತುಟಿ ಅಲುಗುತ್ತಿತ್ತು, ಸದ್ದಿರಲಿಲ್ಲ. ಹಾಗೆಯೇ ಎದ್ದು ಹೊರಗೆ ಹೋದಳು.

ಮೇಷ್ಟ್ರು ತಮ್ಮದೇ ಕುರ್ಚಿಯನ್ನು ನೋಡುತ್ತ ನಿಂತರು. ತಂಗಿಯ ಗಂಡ, ಅರ್ಜಿ ಕಳುಹಿಸಬಹುದಲ್ಲ ಎಂದು ಕೇಳಿದ.

"ನಂಗೆ ಗೊತ್ತಾಗ್ತಿಲ್ಲ" ಎಂದರು ಅವರು. "ಈ ವರ್ಷ ಕಳಿಸ್ಬೇಡಿ. ಈ ಮಗೂನ ಮನೇಲಿ ಇಟ್ಕೊಂಡು, ಅವಳ ಹೆಸರು ಹಿಡಿದು ಕರೀರಿ. ಬರ್ತಾಳೆ."

"ಎಂಬತ್ತೈದು ಅಂದ್ರಲ್ಲ ಸಾರ್" ಎಂದ ಅವನು.

ಕಳುಹಿಸಿದರು. ಎಂಬತ್ತೈದು ಅಂದಮೇಲೆ ಕಳುಹಿಸದೆ ಇರುತ್ತಾರೆಯೇ? ಸೀಟು ಸಿಕ್ಕಿತು. ಆ ತಣ್ಣನೆಯ ಕೋಣೆಯಲ್ಲಿ ಯಾರೋ ಕಡತ ಬೋರಲು ಹಾಕಿ, ನೀರು ಕುಡಿದು, ಕೂತ ಕೋಣೆ ಬಿಟ್ಟುಹೋಗದ ಒಬ್ಬ ಹುಡುಗಿಯನ್ನು ನೆನಪಿಟ್ಟುಕೊಂಡಿರಬೇಕು. ಅವಳು ಹೋದಳು. ಈಗ ಅಲ್ಲೇ ಓದುತ್ತಿದ್ದಾಳೆ, ಚೆನ್ನಾಗಿಯೇ ಓದುತ್ತಿದ್ದಾಳಂತೆ. ನನ್ನ ತಂಗಿ ಕೇಳಿದವರಿಗೆ, "ದೊಡ್ಡ ಮಗಳು ಹಾಸ್ಟೆಲ್‌ನಲ್ಲಿದಾಳೆ" ಎನ್ನುತ್ತಾಳೆ. ಚಿಕ್ಕವಳು ಎಲ್ಲಿ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾದ ನಾನೂ ಆ ಮಾತು ಗಂಟಲಿಗೆ ಬಂದಾಗಲೆಲ್ಲ ತಂಗಿಯ ತಟ್ಟೆಯಲ್ಲಿ ಅನ್ನ ಇರುವುದನ್ನು ನೋಡಿ ಸುಮ್ಮನಾಗುತ್ತೇನೆ.

ಮೇಷ್ಟ್ರು ಅಂದಿನಿಂದ ಯಾರಿಗೂ ಸಂಖ್ಯೆ ಹೇಳಲಿಲ್ಲ. ಬಂದವರನ್ನು ಬಾಗಿಲಿನಿಂದಲೇ ಕಳುಹಿಸಿದರು. ಸೀಟು ಸಿಕ್ಕ ಸುದ್ದಿ ತಿಳಿಸಲು ನಾನು ಹೋದಾಗ ಅವರು ತಮ್ಮ ಜಾಗದಲ್ಲಿರಲಿಲ್ಲ; ವಿದ್ಯಾರ್ಥಿಗಳು ಕೂರುವ ಕುರ್ಚಿಯಲ್ಲಿ ಕೂತು, ಮೇಜಿನಾಚೆಯ ತಮ್ಮದೇ ಕುರ್ಚಿಗೆ ಮುಖ ಮಾಡಿದ್ದರು. ಫ್ಯಾನು ನಿಂತಿತ್ತು, ಕಿಟಕಿ ಮುಚ್ಚಿತ್ತು. ಕಿಟಕಿ ತೆರೆಯಲು ಹೋದವಳನ್ನು ಕೈಯೆತ್ತಿ ತಡೆದರು.

"ದೊಡ್ಡವಳು ಇನ್ನೂ ಇದಾಳಾ ಇಲ್ಲಿ?" ಎಂದು ಕೇಳಿದೆ. ಹಾಗೆ ಕೇಳುವಷ್ಟು ನಾನೂ ಬದಲಾಗಿದ್ದೆ.

"ಇಲ್ಲ. ಅವಳು ಸೀಟು ತಗೊಂಡು ಹೋದ್ಲಲ್ಲ. ಇಲ್ಲಿರೋದು ಚಿಕ್ಕೋಳು. ಏನೋ ಹೇಳೋದ್ರಲ್ಲಿದಾಳೆ, ಬಾಯಿ ತೆರೆದಿದಾಳೆ. ಕಿಟಕಿ ತೆಗೀಬೇಡಿ."

ಅವರ ಕೊನೆಯ ವರ್ಷಗಳು ಹೀಗೆಯೇ ಕಳೆದವು. ಕೆಳಗಿನ ಮನೆಯಿಂದ ಆಗಾಗ "ಆಮೇಲೆ?" ಎಂಬುದು ಕೇಳಿಸುತ್ತಿತ್ತು, ಬಹಳ ತಾಳ್ಮೆಯಿಂದ, ಮಗುವನ್ನು ಮಾತಿಗೆಳೆಯುವವರಂತೆ. ರಜೆಯಲ್ಲಿ ಒಮ್ಮೆ ನನ್ನ ತಂಗಿಯ ಮಗಳು ನನ್ನನ್ನು ನೋಡಲು ಬಂದಳು. ಎತ್ತರವಾಗಿದ್ದಳು, ಕೈಯಲ್ಲಿ ನಕ್ಷೆಗಳ ಸುರುಳಿಯಿತ್ತು. ಇಳಿಯುವಾಗ ಮೇಷ್ಟ್ರ ಬಾಗಿಲ ಮುಂದೆ ನಾನು ನಿಂತು, ಅವರಿಗೆ ಮೈ ಸರಿಯಿಲ್ಲ, ಒಂದು ಸಲ ಕಂಡು ಹೋಗು, ಅವರಿಗೆ ಸಮಾಧಾನವಾಗುತ್ತದೆ ಎಂದೆ. ಅವರು ಕುರ್ಚಿ ಬದಲಿಸಿ ಕೂತದ್ದಾಗಲಿ, ಯಾರಿಗಾಗಿ ಕಾಯುತ್ತಿದ್ದಾರೆಂಬುದಾಗಲಿ ಅವಳಿಗೆ ಗೊತ್ತಿರುವ ಸಂಭವವೇ ಇರಲಿಲ್ಲ. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವಳು ಎಡಗೈಯಿಂದ ಬಲಮೊಣಕೈ ಹಿಡಿದು, ಕಣ್ಣು ಮುಚ್ಚಿ ತೆರೆದು, ಆ ತಿಳಿಯಾದ, ನನಗೆ ಪ್ರಾಣಕ್ಕಿಂತ ಹೆಚ್ಚು ಪ್ರಿಯವಾದ ದನಿಯಲ್ಲಿ ಹೇಳಿದಳು:

"ಬೇಡ ದೊಡ್ಡಮ್ಮ. ಒಳಗೆ ಗಿಣಿ ಇದಾಳಲ್ಲ, ಸಾಕು."

ಮನುಷ್ಯರನ್ನು ಅಳೆಯುವ ಕಸುಬಿನವರನ್ನು ನಾವು ಸುಮ್ಮನೆ ದೂರುತ್ತೇವೆ. ಅವರು ಕ್ರೂರಿಗಳಲ್ಲ, ಒಂದೇ ಒಂದು ಪ್ರಶ್ನೆಯನ್ನು ಜೀವನವಿಡೀ ಕೇಳಿ, ಅದರಲ್ಲೇ ಸವೆದುಹೋದ ಒಂಟಿ ಜೀವಗಳು. ಯಾರು ಉಳಿದರು ಎಂದಷ್ಟೇ ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಪ್ರಾಮಾಣಿಕವಾಗಿ ಹೇಳುತ್ತಾರೆ, ಬೇಡವೆನ್ನಬೇಕಾದಲ್ಲಿ ಬೇಡವೆಂದೂ ಹೇಳುತ್ತಾರೆ. ಆದರೆ ನಮಗೆ ಬೇಕಾದದ್ದು ಸಂಖ್ಯೆ. ಅದಕ್ಕಾಗಿ ನಾವು ಮಕ್ಕಳ ಕೈ ಹಿಡಿದು ಅವರ ಮುಂದೆ ತಂದು ಕೂರಿಸುತ್ತೇವೆ. ಸಂಖ್ಯೆ ದೊಡ್ಡದಾಗಿ ಬಂದರೆ ಆ ಸಂತೋಷದಲ್ಲಿ ಎದ್ದು ಹೊರಡುತ್ತೇವೆ. ಹಿಂದಿರುಗುವಾಗ ನಮ್ಮ ಕೈ ಹಿಡಿದು ಮೆಟ್ಟಿಲಿಳಿಯುತ್ತಿರುವುದು ಯಾರು ಎಂದು ತಿರುಗಿ ನೋಡುವುದಿಲ್ಲ.